ಹೇಳೋರಿಲ್ಲ, ಕೇಳೋರಿಲ್ಲ

ಮೊನ್ನೆ ಅಮ್ಮ ಅಂಗಳದಲ್ಲಿ ರಾಗಿ ಒಣಗಲು ಹಾಕಿದ್ದರು. ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಿಂದ ಇರುವೆ ಸಾಲು ಶುರುವಾಯಿತು. ಒಂದು ಇರುವೆ ತನ್ನ ತಲೆಗಿಂತ ದೊಡ್ಡ ಕಾಳು ಕಚ್ಚಿಕೊಂಡು ಹೊರಟಿತ್ತು. ಚಪ್ಪಡಿ ಕಲ್ಲಿನ ಸಂದಿಯಲ್ಲಿ ಕಾಳು ಜಾರಿ ಬಿತ್ತು. ಅದು ಕೆಳಗಿಳಿದು, ಕಾಳನ್ನು ಒಂದು ಸುತ್ತು ಹಾಕಿ, ಹಿಮ್ಮುಖವಾಗಿ ನಡೆಯುತ್ತಾ ಎಳೆಯತೊಡಗಿತು. ಮತ್ತೆ ಬಿತ್ತು. ಮತ್ತೆ ಎಳೆಯಿತು. ನನ್ನ ಕಾಫಿ ಆರಿಹೋಯಿತು, ನಾನು ಮಾತ್ರ ಮೆಟ್ಟಿಲಿಂದ ಏಳಲಿಲ್ಲ. ಗೂಡಿನ ಬಾಯಲ್ಲಿ ಹೊಟ್ಟಿನ ಪುಟ್ಟ ಗುಡ್ಡೆ ಇತ್ತು.

ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದ 6ನೇ ಅಧ್ಯಾಯವನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಸೋಮಾರಿಯಾದವನು ಇರುವೆ ಹತ್ತಿರ ಹೋಗಿ ಕಲಿಯಲಿ ಅನ್ನುವ ಮಾತು. ನಮ್ಮ ತಲೆಯಲ್ಲಿ ಉಳಿದಿದ್ದು 'ಸೋಮಾರಿ' ಅನ್ನುವ ಬೈಗುಳ ಅಷ್ಟೇ. ಅದರ ಮುಂದಿನ ವಚನ ಮನಸ್ಸಿಗೆ ತಟ್ಟಿದ್ದು ಈಗ. ಇರುವೆಗೆ ನಾಯಕನಿಲ್ಲ, ಅಧಿಕಾರಿಯಿಲ್ಲ, ಒಡೆಯನಿಲ್ಲ. ಆದರೂ ದುಡಿಯುತ್ತದೆ. ರಾಣಿ ಇರುವೆ ಕೂಡ ಹೆಸರಿಗಷ್ಟೇ ರಾಣಿ. ಮೊಟ್ಟೆ ಇಡುತ್ತದೆ, ಅಪ್ಪಣೆ ಕೊಡುವುದಿಲ್ಲ. ಕಾಳು ಹೊರುವ ಇರುವೆಗಳೆಲ್ಲ ಹೆಣ್ಣು. ಹೀಬ್ರೂ ಭಾಷೆಯಲ್ಲೂ ಇರುವೆಗೆ ಇರುವ 'ನೆಮಾಲಾ' ಅನ್ನುವುದು ಸ್ತ್ರೀಲಿಂಗದ ಪದ. ನಮ್ಮಮ್ಮನನ್ನು ಬೆಳಿಗ್ಗೆ ಇಷ್ಟು ಹೊತ್ತಿಗೇ ಏಳು ಅಂತ ಯಾರಾದರೂ ಎಬ್ಬಿಸಿದ್ದಾರಾ? ನಾನಂತೂ ನೋಡಿಲ್ಲ.

ನಾನು ಮನೆಯಿಂದಲೇ ಆಫೀಸ್ ಕೆಲಸ ಮಾಡುವವಳು. ಮ್ಯಾನೇಜರ್ ರಜೆಯಲ್ಲಿದ್ದ ವಾರ ನನ್ನ ಕೆಲಸ ಅರ್ಧಕ್ಕೇ ನಿಂತಿತ್ತು. ಸುಸ್ತಾಗಿತ್ತು ಅಂದರೆ ಸುಳ್ಳಾಗುತ್ತದೆ. ನೋಡುವವರು ಇರಲಿಲ್ಲ, ಅಷ್ಟೇ. ಪ್ರಾರ್ಥನೆಯಲ್ಲೂ ಹೀಗೇ ಆಗಿದೆ. ಪಾಸ್ಟರ್ ಮನೆಗೆ ಬರುವ ದಿನ ಬೈಬಲ್ ಮೇಜಿನ ಮೇಲೆ ಇರುತ್ತದೆ. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ, ಕಣ್ಣೆದುರಿಗೆ ಮಾತ್ರ ದುಡಿಯಬೇಡಿ, ಕರ್ತನಿಗಾಗಿ ಮಾಡುತ್ತಿದ್ದೇವೆ ಅಂದುಕೊಂಡು ಮನಸ್ಸಿಟ್ಟು ಮಾಡಿ ಅನ್ನುತ್ತಾನೆ. ಅದನ್ನು ಓದಿದಾಗ ನಿಜಕ್ಕೂ ನಾಚಿಕೆಯಾಯಿತು.

ಇನ್ನೊಂದು ಮಾತು. ಇರುವೆ ಹಗಲೂ ರಾತ್ರಿ ನಿಲ್ಲದೆ ದುಡಿಯುತ್ತದೆ, ನೀನೂ ಹಾಗೇ ದುಡಿ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಉರಿಬಿಸಿಲಲ್ಲಿ ಆ ಸಾಲು ಕರಗಿ ಗೂಡು ಸೇರುತ್ತದೆ. ಗೂಡಿನ ಒಳಗೂ ಎಷ್ಟೋ ಇರುವೆಗಳು ಸುಮ್ನೆ ಇರುತ್ತವೆ. ಬೈಬಲ್ ಹೇಳುವುದು ಕಾಲದ ಬಗ್ಗೆ, ಇರುವೆ ಬೇಸಿಗೆಯಲ್ಲಿ ಆಹಾರ ಕೂಡಿಡುತ್ತದೆ ಅಂತ. ಬೇಸಿಗೆಯಲ್ಲಿ ಯಾಕೆ ಕೂಡಿಡಬೇಕು ಅಂತ ಚಿಕ್ಕವಳಿದ್ದಾಗ ಗೊಂದಲವಿತ್ತು, ನಮ್ಮ ಕಡೆ ರಾಗಿ ಕಣಕ್ಕೆ ಬರುವುದು ಚಳಿಗಾಲದಲ್ಲಿ ಅಲ್ವಾ. ಇಸ್ರೇಲಿನಲ್ಲಿ ಮಳೆ ಬರುವುದು ಚಳಿಗಾಲಕ್ಕೆ. ಜವೆಗೋಧಿ, ಗೋಧಿ ಕೊಯ್ಲು ಬೇಸಿಗೆಯ ಶುರುವಿನಲ್ಲಿ. ಕಾಳು ಸಿಗುವಾಗ ಇರುವೆ ಹೊರಗೆ ಬರುತ್ತದೆ.

ಹಾಗಾದರೆ ಯೇಸು ಪಕ್ಷಿಗಳನ್ನು ತೋರಿಸಿ, ಅವು ಬಿತ್ತುವುದಿಲ್ಲ, ಕಣಜದಲ್ಲಿ ತುಂಬಿಡುವುದಿಲ್ಲ ಅಂದಿದ್ದು? ಅದು ನಾಳೆಯ ಚಿಂತೆಯಲ್ಲಿ ಬೇಯುವವರಿಗೆ ಹೇಳಿದ ಮಾತು. ಸೋಮವಾರ ಬೆಳಿಗ್ಗೆ ನನಗೆ ಇರುವೆ ಬೇಕು. ನಿದ್ದೆ ಬಾರದ ರಾತ್ರಿ ಪಕ್ಷಿ ಬೇಕು.

ಸಂಜೆ ಅಮ್ಮ ರಾಗಿ ಬಾಚಿ ಮೊರಕ್ಕೆ ತುಂಬಿದರು. ಗೋಡೆ ಪಕ್ಕ ಒಂದು ಹಿಡಿಯಷ್ಟು ಹಾಗೇ ಬಿಟ್ಟರು. ಯಾಕಮ್ಮ ಅಂದೆ. "ಬೆಳಿಗ್ಗೆಯಿಂದ ದುಡಿದಿದ್ದಾವೆ, ಬಿಡು" ಅಂದರು.