ಸಮುದ್ರದ ಫೋಟೋ ಇದೆ, ಬಳ್ಳಿ ಎಲ್ಲಿ?

ಬೆಳಗ್ಗೆ ಒಂದು ಆಲ್ಬಂ ನೋಡಿದಾಗಿನಿಂದ ಹೊಟ್ಟೆ ಉರೀತಿದೆ. ಮೈಸೂರಿನ ಒಂದು ತಂಡ ಪೋರ್ಚುಗಲ್ ನೋಡಿ ಬಂದಿದೆ. ಸಿಂಟ್ರಾದ ಬಣ್ಣಬಣ್ಣದ ಅರಮನೆ ಇದೆ. ಯುರೋಪ್ ಭೂಖಂಡದ ಪಶ್ಚಿಮದ ತುದಿ ಕಾಬೊ ದ ರೋಕಾ ಇದೆ. ಅಜೆನ್ಯಾಸ್ ದೊ ಮಾರ್‌ನಲ್ಲಿ ಬಂಡೆಗೆ ಅಂಟಿಕೊಂಡ ಬಿಳಿ ಮನೆಗಳನ್ನಂತೂ ಎಲ್ಲ ದಿಕ್ಕಿನಿಂದ ತೆಗೆದಿದ್ದಾರೆ. ಇದೆಲ್ಲದರ ಮಧ್ಯದಲ್ಲೇ ಇರೋ ಕೊಲಾರೆಸ್‌ನ ಒಂದೇ ಒಂದು ದ್ರಾಕ್ಷಿ ಬಳ್ಳಿ ಇಲ್ಲ. ನಮ್ಮ ಕೋಲಾರ ಅಲ್ಲ, ಕೊಲಾರೆಸ್. ಅಟ್ಲಾಂಟಿಕ್ ದಂಡೆಯ ಹಳೇ ವೈನ್ ಹಳ್ಳಿ.

ಮಣ್ಣು, ಬೇರು ಅಂತ ಶುರು ಮಾಡಿದರೆ ನಾನು ನಿಲ್ಲಿಸೋದಿಲ್ಲ ಅಂತ ಇಲ್ಲಿರೋರಿಗೆ ಗೊತ್ತು. ಆದರೂ ಹೇಳಲೇಬೇಕು.

1860ರ ದಶಕದಲ್ಲಿ ಅಮೆರಿಕದಿಂದ ಫಿಲಾಕ್ಸೆರಾ ಅನ್ನೋ ಸಣ್ಣ ಹೇನು ಯುರೋಪಿಗೆ ಬಂತು. ಬೇರಿಗೆ ಕಚ್ಚಿಕೊಂಡು ರಸ ಹೀರುತ್ತೆ, ಬೇರು ಕೊಳೆಯುತ್ತೆ, ಬಳ್ಳಿ ಸಾಯುತ್ತೆ. ಔಷಧಿ ಹೊಡೆದು ಗೆಲ್ಲೋಕೆ ಆಗಲಿಲ್ಲ. ಹೇನನ್ನು ತಡೆದುಕೊಳ್ಳೋ ಅಮೆರಿಕದ ಬೇರಿನ ಮೇಲೆ ಯುರೋಪಿನ ಬಳ್ಳಿ ಕಸಿ ಕಟ್ಟಿ ತೋಟ ಉಳಿಸಿಕೊಂಡರು. ಇವತ್ತಿಗೂ ಅಲ್ಲಿ ಹೆಚ್ಚಿನ ತೋಟಗಳು ಕಸಿ ಗಿಡದವೇ. ಕೊಲಾರೆಸ್‌ನ ರಮಿಸ್ಕೋ ದ್ರಾಕ್ಷಿಗೆ ಮಾತ್ರ ಕಸಿ ಬೇಕಾಗಲಿಲ್ಲ. ಅದು ನಿಂತಿರೋದು ಮರಳಲ್ಲಿ. ಹೇನು ಓಡಾಡೋಕೆ ಮಣ್ಣಲ್ಲಿ ಬಿರುಕು ಬೇಕು, ಸಂದು ಬೇಕು. ಮರಳಲ್ಲಿ ಸಂದು ನಿಲ್ಲೋದೇ ಇಲ್ಲ, ಕುಸಿದು ಮುಚ್ಚಿಕೊಳ್ಳುತ್ತೆ.

ನಂಜನಗೂಡು ರಸಬಾಳೆಗೆ ಏನಾಯ್ತು ಅಂತ ಬಲ್ಲ ಊರು ನಮ್ಮದು. ಪನಾಮಾ ಸೊರಗು ರೋಗ ಮಣ್ಣಲ್ಲೇ ಕೂತು ತೋಟಗಳನ್ನ ತಿಂದುಹಾಕಿತು. ಅಂಥದ್ದೇ ಒಂದು ಕೇಡನ್ನ ಬರೀ ಮರಳಿಂದ ದಾಟಿಕೊಂಡ ಊರಿನ ಮುಂದೆ ಹಾದು, ವ್ಯಾನಿಂದ ಇಳಿಯದೇ ಬರ್ತೀರ ಅಂದರೆ ನನಗೆ ತಡೆಯೋಕಾಗಲ್ಲ.

ಮರಳಲ್ಲಿ ಗಿಡ ಸುಮ್ಮನೆ ಬರಲ್ಲ. ಮೇಲೆ ಮೀಟರುಗಟ್ಟಲೆ ಮರಳು, ಅದರಡಿ ಜೇಡಿಮಣ್ಣು. ನೀರು, ಸತ್ವ ಇರೋದು ಜೇಡಿಯಲ್ಲಿ. ಆದ್ದರಿಂದ ಜೇಡಿ ಸಿಗೋವರೆಗೂ ಕಂದಕ ತೆಗೆದು, ಕಡ್ಡಿಯ ಬುಡವನ್ನ ಅದರಲ್ಲಿ ಊರಬೇಕು. ಒಂದೇ ಸಲ ಮುಚ್ಚೋ ಹಾಗಿಲ್ಲ. ಚಿಗುರು ಮೇಲೆ ಬಂದಷ್ಟೂ ಸ್ವಲ್ಪ ಸ್ವಲ್ಪ ಮರಳು ತುಂಬುತ್ತಾ, ವರ್ಷಗಟ್ಟಲೆ ಕಾದು ನೆಲಮಟ್ಟಕ್ಕೆ ತರಬೇಕು. ಹಿಂದೆ ಕಂದಕಕ್ಕೆ ಇಳಿಯೋರು ತಲೆ ಮೇಲೆ ಮಂಕರಿ ಕವುಚಿಕೊಳ್ಳುತ್ತಿದ್ದರು. ಪಕ್ಕದ ಮರಳು ಕುಸಿದು ಮುಚ್ಚಿದರೆ, ಮೇಲಿದ್ದವರು ಎಳೆದುಕೊಳ್ಳೋವರೆಗೂ ಮಂಕರಿಯೊಳಗಿನ ಗಾಳಿಯೇ ಉಸಿರು. ಆ ಮಂಕರಿ ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಇನ್ನೊಂದು ವಿಷಯ ನಮ್ಮ ಎಲೆತೋಟದವರಿಗೆ ತಟ್ಟನೆ ಹೊಳೆಯುತ್ತೆ. ವೀಳ್ಯದ ಹಂಬು ಉದ್ದ ಆದಮೇಲೆ ಇಳಿಸಿ, ಸುತ್ತಿ ಮಣ್ಣಲ್ಲಿ ಹೂತು ಹೊಸ ಬೇರು ಬಿಡಿಸೋದಿಲ್ಲವೇ? ಅಲ್ಲೂ ದ್ರಾಕ್ಷಿ ಕೊಂಬೆ ಬಗ್ಗಿಸಿ ಹೂತು ಹೊಸ ಬಳ್ಳಿ ಎಬ್ಬಿಸುತ್ತಾರೆ. ಚಪ್ಪರ ಮಾತ್ರ ಹುಡುಕಬೇಡಿ. ಕಡಲ ಗಾಳಿ ಹೊಡೆತಕ್ಕೆ ಬಳ್ಳಿ ನೆಲದ ಮೇಲೇ ತೆವಳುತ್ತೆ. ಸುತ್ತ ಒಣಗಿದ ಜೊಂಡಿನ ತಡಿಕೆ, ಇಲ್ಲ ಮೋಟು ಕಲ್ಲುಗೋಡೆ. ಹಣ್ಣಾಗೋ ಹೊತ್ತಿಗೆ ಕಾದ ಮರಳಿಗೆ ಗೊಂಚಲು ತಾಗಿದರೆ ಸುಟ್ಟುಹೋಗುತ್ತೆ ಅಂತ ಚಿಕ್ಕ ಚಿಕ್ಕ ಕಡ್ಡಿ ಆನಿಸಿ ಬಳ್ಳಿಯನ್ನ ಎತ್ತಿ ನಿಲ್ಲಿಸುತ್ತಾರೆ. ಬೇಸಿಗೆಯ ಕೊನೆಗೆ ಹೋದರೆ ಈ ಕಡ್ಡಿಗಳನ್ನ ಕಣ್ಣಾರೆ ನೋಡಬಹುದು. ಗೊತ್ತಿಲ್ಲದವರ ಕಣ್ಣಿಗೆ ತೋಟವೆಲ್ಲ ಯಾವುದೋ ಕುರುಚಲು ಅನಿಸೋದು, ನೋಡದೇ ದಾಟಿಬಿಡೋದು ಇದಕ್ಕೇ.

"ನಮ್ಮ ತಂಡದಲ್ಲಿ ಅರ್ಧ ಜನ ಕುಡಿಯೋದೇ ಇಲ್ಲ, ವೈನ್ ಊರಲ್ಲಿ ಏನು ಮಾಡೋದು?" ಅಂತ ಒಬ್ಬರು ಕೇಳಿದರು. ಎಲೆ ಅಡಿಕೆ ಹಾಕದವರು ಎಲೆತೋಟ ನೋಡಬಾರದು ಅಂತ ಇದೆಯೇ? ಒಂದು ತೊಟ್ಟೂ ಮುಟ್ಟಬೇಡಿ. ಬಳ್ಳಿ ನೋಡಿ, ಮರಳು ನೋಡಿ. ಅರಮನೆಗೆ ಮೂರು ಗಂಟೆ ಕೊಡೋರು ಇದಕ್ಕೆ ಒಂದು ಗಂಟೆ ಕೊಡಿ.

ಹೋಗೋದು ಕಷ್ಟ ಏನಲ್ಲ. ಲಿಸ್ಬನ್ನಿನ ರೊಸಿಯೊ ನಿಲ್ದಾಣದಿಂದ ಸಿಂಟ್ರಾಗೆ ರೈಲಲ್ಲಿ ಸುಮಾರು 40 ನಿಮಿಷ. ಅಲ್ಲಿಂದ ಬಸ್ಸು, ಟ್ಯಾಕ್ಸಿ ಸಿಗುತ್ತೆ. 1904ರಿಂದ ಇರೋ ಟ್ರಾಮ್ ದಾರಿಯೂ ಸಿಂಟ್ರಾದಿಂದ ಕೊಲಾರೆಸ್ ಕಡೆಗೇ ಇಳಿದು ಪ್ರಾಯ ದಾಸ್ ಮಾಸಾಸ್ ಕಡಲ ತೀರಕ್ಕೆ ಹೋಗುತ್ತೆ. ಆದರೆ ವರ್ಷಪೂರ್ತಿ ಓಡೋದಿಲ್ಲ, ವಿಚಾರಿಸಿಕೊಂಡೇ ಹೊರಡಿ. ಒಂದೇ ದಿನದ ಪ್ಯಾಕೇಜ್ ಆದರೆ ಬುಕ್ ಮಾಡುವಾಗಲೇ "ಕೊಲಾರೆಸ್‌ನಲ್ಲಿ ನಿಲ್ಲಿಸಬೇಕು" ಅಂತ ಬರೆಸಿಕೊಳ್ಳಿ. ವ್ಯಾನ್ ಹತ್ತಿದ ಮೇಲೆ ಕೇಳಿದರೆ ಟೈಮ್ ಇಲ್ಲ ಅಂತಾರೆ. 1931ರಲ್ಲಿ ಶುರುವಾದ ಬೆಳೆಗಾರರ ಸಹಕಾರಿ ವೈನ್ ಮಳಿಗೆ ಕೊಲಾರೆಸ್‌ನಲ್ಲೇ ಇದೆ, ಭೇಟಿಗೆ ಮೊದಲೇ ಹೇಳಿಡೋದು ಒಳ್ಳೇದು. ತೋಟಗಳು ಖಾಸಗಿಯವು, ಕೇಳದೇ ತಡಿಕೆ ದಾಟಬೇಡಿ. ನೆಲದಲ್ಲೇ ಬಳ್ಳಿ ಇರೋದರಿಂದ ತುಳಿದೇ ಬಿಡ್ತೀರಿ. ಜುಲೈ, ಆಗಸ್ಟಲ್ಲೂ ಅಲ್ಲಿ ಮಂಜು, ಚಳಿಗಾಳಿ ಇರುತ್ತೆ, ಒಂದು ಜರ್ಕಿನ್ ಜೊತೆಗಿರಲಿ.

ಕುಡಿಯೋರಿಗೆ ಒಂದು ಮಾತು. ಎಳೇ ರಮಿಸ್ಕೋ ತುಂಬಾ ಒಗರು, ಹುಳಿಯೂ ಜಾಸ್ತಿ. ಮೊದಲ ಗುಟುಕಿಗೇ ಮುಖ ಕಿವುಚಿ ಲೋಟ ಕೆಳಗಿಡಬೇಡಿ. ಅದು ವರ್ಷಗಟ್ಟಲೆ ಇಟ್ಟು ಹದ ಮಾಡೋ ವೈನ್, ಹಳೇ ವರ್ಷದ್ದು ಇದೆಯಾ ಅಂತ ಕೇಳಿ. ಬಾಟಲಿ ಹೆಚ್ಚಾಗಿ ಅರ್ಧ ಲೀಟರಿನದು. ಸುಂಕ ಇಲ್ಲದೆ ನಮ್ಮ ದೇಶಕ್ಕೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, ಅಂದರೆ ನಾಲ್ಕು ಬಾಟಲಿ. ಬಟ್ಟೆ ಸುತ್ತಿ ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿ ಬಿಡೋದಿಲ್ಲ.

ನನ್ನ ಅವಸರಕ್ಕೂ ಕಾರಣ ಇದೆ. 1908ರಲ್ಲೇ ಗಡಿ ಗುರುತಿಸಿ ಕಾನೂನಿನ ರಕ್ಷಣೆ ಕೊಟ್ಟ ಪ್ರದೇಶ ಅದು. ಹೇನಿಗೆ ಬಗ್ಗದ ಆ ಮರಳು ಸೈಟಿನ ಬೆಲೆಗೆ ಬಗ್ಗಿತು. ಕಡಲು ಕಾಣೋ ಜಾಗ ಅಂತ ರಜಾ ಮನೆಗಳು ಎದ್ದವು, ಈಗ ಉಳಿದಿರೋದು ಹತ್ತಾರು ಹೆಕ್ಟೇರ್ ಬಳ್ಳಿ. ನಮ್ಮ ಎಲೆತೋಟಗಳು ಬಡಾವಣೆ ಆಗಿದ್ದನ್ನ ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ತಂಡ ಸೆಪ್ಟೆಂಬರಿಗೆ ಹೊರಡುತ್ತಂತೆ. ಆ ತಿಂಗಳ ಕೊನೆ ಅಂದರೆ ಕೊಯ್ಲಿನ ಹೊತ್ತು. ಗೊಂಚಲಿಗೆ ಆನಿಸಿದ ಆ ಕಡ್ಡಿಯದೊಂದು ಫೋಟೋ ನನಗೆ ಕಳಿಸಿ.