1926 ಆದ ಮೇಲೆ ಒಮ್ಮೆಲೇ 1954?

ನಿನ್ನೆ ಮಧ್ಯಾಹ್ನ ನಮ್ಮ ಕಾಲೇಜಿನ ಸಭಾಂಗಣದಲ್ಲಿ ನಡೆದದ್ದನ್ನು ಬರೆದು ಮುಗಿಸುವವರೆಗೆ ನನಗೆ ಸಮಾಧಾನವಿಲ್ಲ. ಹೊರಗಿನಿಂದ ಬಂದಿದ್ದ ಅತಿಥಿಯೊಬ್ಬರು ನಮ್ಮ ಡಿಪ್ಲೊಮಾ ಆಟೋಮೊಬೈಲ್ ವಿಭಾಗದ ಮಕ್ಕಳಿಗೆ ಮರ್ಸಿಡಿಸ್-ಬೆಂಜ್ ಕಂಪನಿಯ ಇತಿಹಾಸವನ್ನು ಹೇಳಿದರು. ಇಂಜಿನ್ ಬಲ್ಲವರು, ಮಾತೂ ಬಲ್ಲವರು. ಮುಕ್ಕಾಲು ಗಂಟೆ ಮಕ್ಕಳು ಮಿಸುಕಾಡದೆ ಕೇಳಿದರು. ಪರದೆಯ ಮೇಲೆ ಕಾರ್ಲ್ ಬೆಂಜ್ ಅವರ ಕಾರಿನ 1886ರ ಪೇಟೆಂಟ್ ಬಂತು, ಅವರ ಹೆಂಡತಿ ಬರ್ತಾ ಬೆಂಜ್ ಬಂದರು, ಡೈಮ್ಲರ್ ಮತ್ತು ಬೆಂಜ್ ಕಂಪನಿಗಳು ಒಂದಾದ 1926 ಬಂತು. ಅದರ ಮುಂದಿನ ಸ್ಲೈಡ್‌ನಲ್ಲಿ 1954ರ 300 ಎಸ್‌ಎಲ್ ಕಾರು ತನ್ನ ಎರಡೂ ಬಾಗಿಲುಗಳನ್ನು ರೆಕ್ಕೆಯಂತೆ ಮೇಲಕ್ಕೆತ್ತಿಕೊಂಡು ನಿಂತಿತ್ತು. ಮೂರನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, 1926 ಆದ ಮೇಲೆ ಒಮ್ಮೆಲೇ 1954ಕ್ಕೆ ಬಂದುಬಿಟ್ರಿ, ನಡುವೆ ಏನಾಯ್ತು?" ಎಂದು ಕೇಳಿದಳು. "ನಡುವೆ ಯುದ್ಧ ಬಂತಲ್ಲಮ್ಮ, ಕಂಪನಿ ಕೆಲಸ ಎಲ್ಲಾ ನಿಂತುಹೋಗಿತ್ತು" ಎಂದು ಅವರು ಹೇಳಿದರು. ಮಕ್ಕಳು ಅದನ್ನು ಹಾಗೆಯೇ ಬರೆದುಕೊಂಡರು.

ಕೆಲಸ ನಿಂತಿರಲಿಲ್ಲ. 1944ರಲ್ಲಿ ಡೈಮ್ಲರ್-ಬೆಂಜ್‌ನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು 63,610 ಮಂದಿ, ಮತ್ತು ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ತಾವಾಗಿ ಕೆಲಸ ಕೇಳಿಕೊಂಡು ಬಂದವರಲ್ಲ. ಜರ್ಮನಿ ಆಕ್ರಮಿಸಿಕೊಂಡಿದ್ದ ದೇಶಗಳಿಂದ ಎಳೆದು ತಂದಿದ್ದ ನಾಗರಿಕರು, ಯುದ್ಧಕೈದಿಗಳು, ನಾಜಿ ಸೆರೆಶಿಬಿರಗಳ ಬಂದಿಗಳು ಅವರಲ್ಲಿದ್ದರು. ಇಷ್ಟು ಜನರ ಬೆವರು ಮತ್ತು ಪ್ರಾಣ ಸೇರಿರುವ ವರ್ಷಗಳನ್ನು "ಕೆಲಸ ನಿಂತುಹೋಗಿತ್ತು" ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುವುದನ್ನು ನಾನು ಕೇಳಿ ಸುಮ್ಮನಿರಲಾರೆ.

ನಾನು ಆ ಕಂಪನಿಯ ವಿರೋಧಿಯೆಂದು ಯಾರೂ ತಿಳಿಯಬಾರದು. ನನ್ನನ್ನು ಬಲ್ಲವರಿಗೆ ನನ್ನ ಅಪ್ಪನ ಲಾರಿಯ ವಿಷಯವೂ ಗೊತ್ತು. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸಿತು. 1969ರವರೆಗೆ ಆ ಲಾರಿಗಳ ಮುಂಭಾಗದಲ್ಲಿ ಮೂರು ಮೊನೆಯ ನಕ್ಷತ್ರವಿರುತ್ತಿತ್ತು. ಅಪ್ಪ ಓಡಿಸುತ್ತಿದ್ದದ್ದು ಅಂಥದೇ ಒಂದು ಹಳೆಯ ಬೆಂಜ್ ಲಾರಿ. ಹಾಸನದಿಂದ ಆಲೂಗಡ್ಡೆ ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದರು, ಬರುವಾಗ ಹಂಚು ತುಂಬಿಕೊಂಡು ಬರುತ್ತಿದ್ದರು. ಆಯುಧಪೂಜೆಯ ಹಿಂದಿನ ದಿನ ಕಾಟನ್ ವೇಸ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆ ನಕ್ಷತ್ರವನ್ನು ಉಜ್ಜುವ ಕೆಲಸ ನನ್ನದಾಗಿತ್ತು. ಮೊನೆಗಳ ಸಂದಿಯಲ್ಲಿ ಕೂತ ಘಾಟಿಯ ಕೆಂಪು ಧೂಳನ್ನು ಬೆಂಕಿಕಡ್ಡಿಯ ತುದಿಯಿಂದ ಕೆದಕಿ ತೆಗೆಯಬೇಕಾಗುತ್ತಿತ್ತು. ಕೆಲಸ ಮುಗಿದ ಮೇಲೆ ಅಪ್ಪ ಬಂದು ಹೆಬ್ಬೆರಳಿನಿಂದ ಸವರಿ ನೋಡಿ, "ಇದು ಜರ್ಮನಿ ಇಂಜಿನ್ನು ಕಣೋ ಮಗ, ಕೈ ಕೊಡೋದಿಲ್ಲ" ಎನ್ನುತ್ತಿದ್ದರು. ನಾನು ಈ ವೃತ್ತಿಗೆ ಬಂದದ್ದೇ ಆ ಮಾತಿನಿಂದ. ಆ ನಕ್ಷತ್ರದ ಮೇಲೆ ನನಗಿರುವ ಪ್ರೀತಿ ದೊಡ್ಡದು, ಆದ್ದರಿಂದಲೇ ಅದರ ಕಥೆಯನ್ನು ನಡುವೆ ಕತ್ತರಿಸಿ ಹೇಳಿದರೆ ನನಗೆ ನೋವಾಗುತ್ತದೆ.

ಹಾಗೆ ನೋಡಿದರೆ ಅತಿಥಿಗಳು ಬರ್ತಾ ಬೆಂಜ್ ಅವರ ವಿಷಯವನ್ನು ಚೆನ್ನಾಗಿಯೇ ಹೇಳಿದರು, ಅದಕ್ಕೆ ನನ್ನ ಮೆಚ್ಚುಗೆಯಿದೆ. 1888ರ ಆಗಸ್ಟ್‌ನಲ್ಲಿ ಆಕೆ ಗಂಡನಿಗೆ ತಿಳಿಸದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮೂರು ಚಕ್ರದ ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲದಲ್ಲಿ ವೀಸ್‌ಲೋಹ್ ಊರಿನ ಔಷಧದ ಅಂಗಡಿಯಿಂದ ಲಿಗ್ರೋಯಿನ್ ಎಂಬ ದ್ರಾವಣವನ್ನು ಕೊಂಡು ಇಂಜಿನ್ನಿಗೆ ಹಾಕಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ತಲೆಯ ಟೋಪಿಗೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದು ಅದನ್ನು ಬಿಡಿಸಿದರು. ಬ್ರೇಕಿನ ಮರದ ದಿಮ್ಮಿ ಸವೆದುಹೋದಾಗ ದಾರಿಯಲ್ಲಿ ಸಿಕ್ಕ ಚರ್ಮದ ಕೆಲಸದವರಿಂದ ಅದಕ್ಕೆ ಚರ್ಮ ಹೊಡೆಸಿಕೊಂಡರು. ಇವತ್ತು ನಮ್ಮ ಮೆಕ್ಯಾನಿಕ್‌ಗಳು ಬ್ರೇಕ್ ಲೈನರ್ ಎನ್ನುವುದರ ಹುಟ್ಟು ಅಲ್ಲಿದೆ. ದಿಣ್ಣೆ ಹತ್ತುವಾಗ ಮಕ್ಕಳು ಇಳಿದು ತಳ್ಳಬೇಕಾಯಿತು. ಹಿಂದಿರುಗಿದ ಮೇಲೆ ಏರು ಹತ್ತಲು ಇನ್ನೊಂದು ಗೇರ್ ಬೇಕೆಂದು ಆಕೆ ಗಂಡನಿಗೆ ಹೇಳಿದರು. ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಕಾರ್ಲ್ ಬೆಂಜ್ ಅವರ ಕಾರ್ಯಾಗಾರಕ್ಕೆ ಹಾಕಿದ್ದವರೂ ಆಕೆಯೇ. ಮಕ್ಕಳು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು.

ಮರ್ಸಿಡಿಸ್ ಎಂಬ ಹೆಸರಿನ ಕಥೆಯನ್ನು ಮಾತ್ರ ಅವರು ಅರ್ಧಕ್ಕೆ ಬಿಟ್ಟರು. ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ ತನ್ನ ಮಗಳ ಹೆಸರನ್ನು ಕಾರಿಗೆ ಇಡಿಸಿದ, 1902ರಲ್ಲಿ ಅದು ಕಂಪನಿಯ ನೋಂದಾಯಿತ ಹೆಸರಾಯಿತು ಎಂಬಷ್ಟನ್ನು ಹೇಳಿದರು. ಆ ಎಮಿಲ್ ಯೆಲ್ಲಿನೆಕ್ ವಿಯೆನ್ನಾದ ಹೆಸರಾಂತ ಯಹೂದಿ ಧರ್ಮಗುರು ಅಡೋಲ್ಫ್ ಯೆಲ್ಲಿನೆಕ್ ಅವರ ಮಗ ಎಂಬುದನ್ನು ಹೇಳಲಿಲ್ಲ. ಹಿಟ್ಲರ್ ಮೇಲ್ಚಾವಣಿ ತೆರೆದ ಮರ್ಸಿಡಿಸ್ 770 ಕಾರಿನಲ್ಲಿ ನಿಂತು ಕೈಯೆತ್ತಿ ಮೆರವಣಿಗೆ ಹೋಗುತ್ತಿದ್ದಾಗ ಆ ಕಾರು ಹೊತ್ತಿದ್ದದ್ದು ಒಬ್ಬ ಯಹೂದಿ ಗುರುವಿನ ಮೊಮ್ಮಗಳ ಹೆಸರನ್ನು. ಇದನ್ನು ಹೇಳಬೇಕಾದರೆ ನಡುವಿನ ವರ್ಷಗಳ ಬಾಗಿಲನ್ನು ತೆರೆಯಲೇಬೇಕಾಗುತ್ತದೆ. ಅವರು ತೆರೆಯಲಿಲ್ಲ.

ಆ ಬಾಗಿಲಿನೊಳಗೆ ಏನಿದೆ ಎಂಬುದನ್ನು ನಾನು ಹೇಳುತ್ತೇನೆ. ಬರ್ಲಿನ್ನಿನ ದಕ್ಷಿಣಕ್ಕಿರುವ ಗೆನ್ಸ್‌ಹಾಗೆನ್‌ನಲ್ಲಿ ಕಂಪನಿಯ ವಿಮಾನ ಇಂಜಿನ್ ಕಾರ್ಖಾನೆಯಿತ್ತು. ಮೆಸ್ಸರ್‌ಶ್ಮಿಟ್ ಯುದ್ಧವಿಮಾನಗಳನ್ನು ಹಾರಿಸಿದ್ದು ಡೈಮ್ಲರ್-ಬೆಂಜ್ ಇಂಜಿನ್ನುಗಳು. 1944ರಲ್ಲಿ ರಾವೆನ್ಸ್‌ಬ್ರುಕ್ ಸೆರೆಶಿಬಿರದಿಂದ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ತಂದು ಅಲ್ಲಿ ದುಡಿಸಿದರು. ಬಾಂಬ್ ದಾಳಿಗೆ ಹೆದರಿ ಅದೇ ಕಾರ್ಖಾನೆಯ ಒಂದು ಭಾಗವನ್ನು ನೆಕರ್ ನದಿಯ ದಡದ ಓಬ್ರಿಗ್‌ಹೈಮ್‌ನ ಜಿಪ್ಸಮ್ ಗಣಿಯೊಳಕ್ಕೆ ಸಾಗಿಸಿದರು. ಆ ಯೋಜನೆಗೆ ಇಟ್ಟ ಗುಪ್ತನಾಮ 'ಚಿನ್ನದ ಮೀನು'. ಗಣಿಯ ಸುರಂಗಗಳನ್ನು ಅಗೆದು ಕಾರ್ಖಾನೆಗೆ ತಕ್ಕಂತೆ ಮಾಡಲು 1944ರ ಮಾರ್ಚ್‌ನಲ್ಲಿ ಡಾಖಾವ್ ಶಿಬಿರದಿಂದ ಮೊದಲ ಐನೂರು ಬಂದಿಗಳನ್ನು ಕರೆತಂದರು. ಅವರನ್ನು ಕೂಡಿಹಾಕಿದ್ದು ನದಿಯ ಈಚೆ ದಡದಲ್ಲಿರುವ ನೆಕರೆಲ್ಜ್ ಊರಿನ ಪ್ರಾಥಮಿಕ ಶಾಲೆಯಲ್ಲಿ.

ಶಾಲೆ ಎಂಬ ಪದವನ್ನು ಮೊದಲ ಸಲ ಓದಿದಾಗ ನಾನು ಅಲ್ಲಿಗೇ ನಿಂತುಬಿಟ್ಟೆ. ಮೂವತ್ತು ವರ್ಷಗಳಿಂದ ಬೆಂಚು, ಕಪ್ಪು ಹಲಗೆ, ಸುಣ್ಣ ಬಳಿದ ಗೋಡೆಗಳ ನಡುವೆ ಬದುಕಿದವನು ನಾನು. ಮಕ್ಕಳು ಮಗ್ಗಿ ಹೇಳುವ ಕೊಠಡಿಗಳ ಸುತ್ತ ಮುಳ್ಳುತಂತಿ ಬಿಗಿದು, ಅಲ್ಲಿಂದ ಬಂದಿಗಳನ್ನು ರೈಲ್ವೆ ಸೇತುವೆಯ ಮೇಲೆ ನದಿ ದಾಟಿಸಿ ಗಣಿಗೆ ಅಟ್ಟುತ್ತಿದ್ದರು ಎಂಬುದನ್ನು ಓದಿದ ಮೇಲೆ ನನಗೆ ಆ ವರ್ಷಗಳನ್ನು ಬಿಟ್ಟು ಕಥೆ ಹೇಳಲು ಬಾಯಿ ಬರುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತಲೂ ಹೆಚ್ಚು ಕಾಡುತ್ತದೆ. ಅದೇ ನೆಕರ್ ನದಿಯ ಕೆಳಹರಿವಿನಲ್ಲಿ, ಮ್ಯಾನ್‌ಹೈಮ್‌ಗೆ ಸಮೀಪದಲ್ಲಿ, ಲಾಡೆನ್‌ಬುರ್ಗ್ ಎಂಬ ಪಟ್ಟಣವಿದೆ. ಬರ್ತಾ ಬೆಂಜ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿ. 1944ರ ಮೇ 3ಕ್ಕೆ ಅವರಿಗೆ 95 ತುಂಬಿತು, ಎರಡು ದಿನಗಳ ನಂತರ ತೀರಿಕೊಂಡರು. ಟೋಪಿಯ ಪಿನ್ನಿನಿಂದ ಇಂಜಿನ್ ಸರಿಮಾಡಿದ ಆ ತಾಯಿ ಕಣ್ಣು ಮುಚ್ಚಿದ ವಸಂತದಲ್ಲೇ, ಅದೇ ನದಿಯ ಮೇಲ್ದಡದಲ್ಲಿ, ಅವರ ಗಂಡನ ಹೆಸರು ಹೊತ್ತ ಕಂಪನಿಗಾಗಿ ಹಸಿದ ಮನುಷ್ಯರು ಸುರಂಗ ಅಗೆಯುತ್ತಿದ್ದರು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದಾದರೂ ಹೇಗೆ?

ಕಾರ್ಯಕ್ರಮ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಇದನ್ನೇ ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬರು, "ಮೇಷ್ಟ್ರೇ, ಆ ಕಾಲದಲ್ಲಿ ಜರ್ಮನಿಯ ಯಾವ ಕಂಪನಿ ಇದನ್ನ ಮಾಡ್ಲಿಲ್ಲ ಹೇಳಿ? ಸರ್ಕಾರದ ಮಾತು ಮೀರೋ ಹಾಗಿತ್ತಾ? ನಮ್ಮ ಮಕ್ಕಳಿಗೆ ಕೆಲಸ ಸಿಗಬೇಕು, ಅವರಿಗೆ ಯಾಕೆ ಈ ಕಥೆ?" ಎಂದರು. ಒಳ್ಳೆಯ ಮನುಷ್ಯ, ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳಿದ ಮಾತದು. ಆದರೂ ನಾನು ಒಪ್ಪುವುದಿಲ್ಲ. ಬೇರೆಯವರೂ ಮಾಡಿದರು ಎಂಬುದು ನೆಕರೆಲ್ಜ್ ಶಾಲೆಯಲ್ಲಿ ಮಲಗಿದ್ದವನ ಹಸಿವನ್ನು ಒಂದು ತುತ್ತಿನಷ್ಟೂ ಕಡಿಮೆ ಮಾಡುವುದಿಲ್ಲ. ಸರ್ಕಾರದ ಮಾತಿಗೆ ಕಟ್ಟುಬಿದ್ದು ಮಾಡಿದರು ಎಂಬುದೂ ಪೂರ್ತಿ ನಿಜವಲ್ಲ. ಹಿಟ್ಲರ್‌ಗೆ ಹತ್ತಿರದವನಾಗಿದ್ದ ಮ್ಯೂನಿಕ್‌ನ ಯಾಕೋಬ್ ವೆರ್ಲಿನ್ ಎಂಬ ಕಾರು ವ್ಯಾಪಾರಿಯನ್ನು ಕಂಪನಿ ತನ್ನ ಆಡಳಿತ ಮಂಡಳಿಯೊಳಗೆ ಕೂರಿಸಿಕೊಂಡಿತ್ತು. ಇನ್ನು ಕೆಲಸದ ಮಾತು. ಬೆಂಗಳೂರಿನಲ್ಲಿ 1996ರಿಂದ ಆ ಕಂಪನಿಯ ಸಂಶೋಧನಾ ಕೇಂದ್ರವಿದೆ, ಎಷ್ಟೋ ಕನ್ನಡದ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. ನಾಳೆ ನಮ್ಮ ಹುಡುಗಿಯೊಬ್ಬಳು ಅಲ್ಲಿಗೆ ಸೇರಿ ಜರ್ಮನ್ ಸಹೋದ್ಯೋಗಿಯ ಎದುರು "ಯುದ್ಧದಲ್ಲಿ ನಿಮ್ಮ ಕೆಲಸ ನಿಂತಿತ್ತಂತೆ" ಎಂದರೆ ಅವರೇ ಅವಳನ್ನು ತಿದ್ದುತ್ತಾರೆ, ಏಕೆಂದರೆ ಅವರು ಅದನ್ನು ಮುಚ್ಚಿಟ್ಟಿಲ್ಲ.

ಅವರೂ ತಡವಾಗಿಯೇ ಬಾಯಿ ಬಿಟ್ಟರು. 1986ರಲ್ಲಿ ಕಾರಿನ ನೂರನೆಯ ವರ್ಷದ ಸಂಭ್ರಮದ ಹೊತ್ತಿಗೆ ನಾಜಿ ಕಾಲದ ಪ್ರಶ್ನೆಗಳು ಜೋರಾಗಿ ಎದ್ದವು. 1988ರಲ್ಲಿ ಕಂಪನಿ ಒತ್ತಾಯಕ್ಕೆ ದುಡಿದವರ ಸಲುವಾಗಿ 2 ಕೋಟಿ ಮಾರ್ಕ್ (ಆಗಿನ ಜರ್ಮನ್ ನಾಣ್ಯ) ಹಣವನ್ನು ಕೊಟ್ಟಿತು. 1994ರಲ್ಲಿ ಒತ್ತಾಯದ ದುಡಿಮೆಯ ಬಗ್ಗೆಯೇ ಇತಿಹಾಸಕಾರರ ದೊಡ್ಡ ಅಧ್ಯಯನವೊಂದು ಹೊರಬಂತು. 2000ದಲ್ಲಿ ಜರ್ಮನ್ ಸರ್ಕಾರವೂ ಉದ್ಯಮಗಳೂ ಸೇರಿ ಸುಮಾರು 1,000 ಕೋಟಿ ಮಾರ್ಕ್‌ಗಳ ಪರಿಹಾರ ನಿಧಿಯನ್ನು ಸ್ಥಾಪಿಸಿದಾಗ ಈ ಕಂಪನಿಯೂ ಅದರ ಸ್ಥಾಪಕರಲ್ಲಿ ಒಂದಾಗಿತ್ತು. ಅಷ್ಟರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು. ಸಿಕ್ಕ ಹಣವೂ ಅವರು ಕಳೆದುಕೊಂಡದ್ದರ ಮುಂದೆ ಅಲ್ಪ. ಆದರೂ ತಾನು ಮಾಡಿದ್ದನ್ನು ತಾನೇ ಹೇಳುವ ಮಟ್ಟಕ್ಕೆ ಆ ಕಂಪನಿ ಬಂತು. ತಪ್ಪು ಮಾಡಿದವರೇ ಒಪ್ಪಿಕೊಂಡಿರುವುದನ್ನು, ಅದಕ್ಕೆ ಸಂಬಂಧವೇ ಇಲ್ಲದ ನಾವು ಇಲ್ಲಿ ಕುಳಿತು ಅಳಿಸಿಹಾಕುತ್ತಿದ್ದೇವೆ. ನನ್ನ ಸಿಟ್ಟೆಲ್ಲ ಇದರ ಮೇಲೆ.

ಆ ಕಂಪನಿಯ ಹೆಸರು ಉಳಿದದ್ದೇ ಒಪ್ಪಿಕೊಂಡು ತಿದ್ದಿಕೊಂಡದ್ದರಿಂದ ಎಂದು ನಾನು ನಂಬಿದ್ದೇನೆ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಹೊಸ ಎ-ಕ್ಲಾಸ್ ಕಾರನ್ನು, ರಸ್ತೆಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಹಾಗೆ ತಟ್ಟನೆ ತಿರುಗಿಸಿ ಪರೀಕ್ಷಿಸಿದಾಗ ಕಾರು ಮಗುಚಿ ಬಿತ್ತು. ಮೊದಮೊದಲು ಪತ್ರಿಕೆಯ ಪರೀಕ್ಷೆಯನ್ನೇ ಪ್ರಶ್ನಿಸಿದ ಕಂಪನಿ, ಕೊನೆಗೆ ಮಾರಾಟ ನಿಲ್ಲಿಸಿ, ಅದುವರೆಗೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ ಇಎಸ್‌ಪಿ ಎಂಬ, ಕಾರು ಹಿಡಿತ ತಪ್ಪಿ ಜಾರದಂತೆ ತಡೆಯುವ ವ್ಯವಸ್ಥೆಯನ್ನು ಆ ಸಣ್ಣ ಕಾರಿನ ಪ್ರತಿಯೊಂದಕ್ಕೂ ಅಳವಡಿಸಿತು. ಈ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ಡಿಕ್ಕಿಯಾದಾಗ ಗಾಡಿಯ ಮುಂಭಾಗ ನುಜ್ಜಾಗಿ ಒಳಗಿನವರು ಉಳಿಯಬೇಕೆಂದು ಯೋಚಿಸಿದ ಬೇಲಾ ಬಾರೆನ್ಯಿ ಅವರ ಪಾಠವನ್ನೂ ಮಾಡುತ್ತೇನೆ. 1959ರ ಮಾದರಿಯಲ್ಲಿ ಜಾರಿಗೆ ಬಂದ ಅವರ ವಿಚಾರವನ್ನು ಈಗ ಜಗತ್ತಿನ ಕಾರುಗಳೆಲ್ಲ ಅನುಸರಿಸುತ್ತವೆ.

ಇಲ್ಲಿ ನಾನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಬಾರೆನ್ಯಿ ಡೈಮ್ಲರ್-ಬೆಂಜ್ ಸೇರಿದ್ದು 1939ರಲ್ಲಿ. ಆ ಇಸವಿಯನ್ನು ಹಲಗೆಯ ಮೇಲೆ ಬರೆದು, ಮರುಕ್ಷಣವೇ ಐವತ್ತರ ದಶಕಕ್ಕೆ ಹಾರುವ ಕೆಲಸವನ್ನು ನಾನೂ ಇಷ್ಟು ವರ್ಷ ಮಾಡಿಕೊಂಡು ಬಂದೆ. ಸಿಲೆಬಸ್‌ನಲ್ಲಿ ಇಲ್ಲ, ಸಮಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನೆ ಆ ಹುಡುಗಿ ಕೇಳಿದ್ದು ಅತಿಥಿಗಳನ್ನಾದರೂ ಆ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೇ ಬಂದು ತಟ್ಟಿತು.

ರಾತ್ರಿ ಅತಿಥಿಗಳಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, "ಸ್ಲೈಡ್ ಮಾಡಿ ಕಳಿಸಿ ಸರ್, ಸೇರಿಸ್ಕೋತೀನಿ" ಎಂದರು. ಮಾಡುತ್ತಿದ್ದೇನೆ. ಅದರಲ್ಲಿ 63,610 ಎಂಬ ಸಂಖ್ಯೆ ಇರುತ್ತದೆ, ನೆಕರ್ ನದಿಯ ನಕ್ಷೆ ಇರುತ್ತದೆ, ನಕ್ಷೆಯ ಮೇಲೆ ಲಾಡೆನ್‌ಬುರ್ಗ್ ಮತ್ತು ನೆಕರೆಲ್ಜ್ ಎಂಬ ಎರಡು ಚುಕ್ಕೆಗಳಿರುತ್ತವೆ. ಸೋಮವಾರ ಮೊದಲ ಪೀರಿಯಡ್ ನನ್ನದು. ಪ್ರಶ್ನೆ ಕೇಳಿದ ಹುಡುಗಿಗೆ ನೋಟ್‌ಬುಕ್‌ನಲ್ಲಿ 1926 ಮತ್ತು 1954ರ ನಡುವೆ ಎರಡು ಪುಟ ಖಾಲಿ ಬಿಟ್ಟುಕೊಂಡು ಬರಲು ಹೇಳಿ ಕಳಿಸಿದ್ದೇನೆ.