ಎರಡನೇ ಅಧ್ಯಾಯ ವಿದ್ಯಾರ್ಥಿಗಳಿಗೆ ಮಾತ್ರ

ಮನಃಶಾಸ್ತ್ರದ ಆರಂಭದ ಪಠ್ಯಪುಸ್ತಕ ಯಾವುದನ್ನೇ ತೆಗೆಯಿರಿ, ಮೊದಮೊದಲಲ್ಲೇ, ಹೆಚ್ಚಾಗಿ ಎರಡನೇ ಅಧ್ಯಾಯದಲ್ಲಿ, ಒಂದು ಶಿಸ್ತಿನ ಪಾಠ ಇರುತ್ತದೆ. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ನೀತಿ ನಿಯಮ. ಸ್ಯಾಂಪಲ್ ಸಾಕಷ್ಟು ದೊಡ್ಡದಿರಬೇಕು. ಕಂಟ್ರೋಲ್ ಗುಂಪು, ಅಂದರೆ ಹೋಲಿಸಿ ನೋಡಲು ಪ್ರಯೋಗ ಮಾಡದೆ ಬಿಟ್ಟ ಇನ್ನೊಂದು ಗುಂಪು, ಇರಲೇಬೇಕು. ಎರಡು ಸಂಗತಿ ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಹೇಳಬಾರದು. ಭಾಗವಹಿಸುವವರ ಒಪ್ಪಿಗೆ ಬೇಕು, ಅವರಿಗೆ ಹಾನಿಯಾಗಬಾರದು, ಬೇಡ ಅನ್ನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯ ಇರಬೇಕು. ಓದುತ್ತಾ ಹೋದರೆ ಎದೆ ತುಂಬಿ ಬರುತ್ತದೆ.

ಆಮೇಲೆ ಮೂರನೇ ಅಧ್ಯಾಯ ಶುರುವಾಗುತ್ತದೆ. ಅಲ್ಲಿಂದ ಮುಂದೆ ಪುಸ್ತಕ ಕೊಂಡಾಡುವ ಹೆಸರಾಂತ ಪ್ರಯೋಗಗಳನ್ನು ಎರಡನೇ ಅಧ್ಯಾಯದ ಪರೀಕ್ಷೆಗೆ ಕೂರಿಸಿ ನೋಡಿ. ಸಾಲುಸಾಲಾಗಿ ಫೇಲು. ಆದರೆ ಹಾಗೆ ಕೂರಿಸುವ ಪದ್ಧತಿ ಇಲ್ಲ. ನಿಯಮ ಕಲಿಯೋದು ಹುಡುಗರ ಕೆಲಸ, ಹೆಸರು ಮಾಡೋದು ದೊಡ್ಡವರ ಕೆಲಸ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತ ಸುಮ್ನೆ ಹೇಳಿಲ್ಲ.

ಉದಾಹರಣೆಗೆ ಪುಟ್ಟ ಆಲ್ಬರ್ಟನನ್ನೇ ತೆಗೆದುಕೊಳ್ಳಿ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ಪ್ರಕಟಿಸಿದ ಪ್ರಯೋಗ. ಹನ್ನೊಂದು ತಿಂಗಳ ಕೂಸಿನ ಮುಂದೆ ಬಿಳಿ ಇಲಿ ಬಿಡುತ್ತಾರೆ. ಕೂಸು ಮುಟ್ಟಲು ಹೋದ ತಕ್ಷಣ ಅದರ ತಲೆಯ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿಯುತ್ತಾರೆ. ಕೆಲವು ಸಲ ಹೀಗೆ ಮಾಡಿದ ಮೇಲೆ ಇಲಿ ಕಂಡರೆ ಸಾಕು, ಕೂಸು ಅಳುತ್ತದೆ. ಆಮೇಲೆ ಮೊಲ ಕಂಡರೂ ಅಳು, ತುಪ್ಪಳದ ಕೋಟು ಕಂಡರೂ ಅಳು.

ಈಗ ಎರಡನೇ ಅಧ್ಯಾಯದ ಪ್ರಕಾರ ಅಂಕ ಹಾಕೋಣ. ಸ್ಯಾಂಪಲ್: ಒಂದು ಮಗು. ಕಂಟ್ರೋಲ್ ಗುಂಪು: ಇಲ್ಲ. ಎದ್ದು ಹೋಗುವ ಸ್ವಾತಂತ್ರ್ಯ: ಇತ್ತು ಅನ್ನಲೇಬೇಕು. ಇಲಿ ಕಂಡದ್ದೇ ಮಗು ಅಂಬೆಗಾಲಿಟ್ಟು ಎಷ್ಟು ಜೋರಾಗಿ ಓಡಿತೆಂದರೆ, ಮೇಜಿನ ಅಂಚು ತಲುಪುವ ಮೊದಲು ಹಿಡಿಯೋದೇ ಕಷ್ಟವಾಯಿತು ಅಂತ ವರದಿಯಲ್ಲೇ ಬರೆದಿದ್ದಾರೆ. ಇಷ್ಟು ಸ್ಪಷ್ಟವಾಗಿ ಒಪ್ಪಿಗೆ ವಾಪಸ್ ಪಡೆದ ಇನ್ನೊಬ್ಬ ಅಭ್ಯರ್ಥಿ ಈ ಶಾಸ್ತ್ರದ ಇತಿಹಾಸದಲ್ಲಿ ಸಿಗೋದು ಕಷ್ಟ. ಹಿಡಿದು ತಂದು ಮತ್ತೆ ಕೂರಿಸಿದರು.

ಹುಟ್ಟಿಸಿದ ಭಯವನ್ನು ತೆಗೆದರಾ? ಇಲ್ಲ. ಮಗುವನ್ನು ಆಸ್ಪತ್ರೆಯಿಂದ ಕರೆದುಕೊಂಡು ಹೋಗಿಬಿಟ್ಟರು, ಹಾಗಾಗಿ ಅದನ್ನು ಮಾಡಿ ನೋಡುವ ಅವಕಾಶ ನಮಗೆ ತಪ್ಪಿತು ಅಂತ ಬರೆದರು. ನಷ್ಟ ಯಾರಿಗಾಯಿತು ಗಮನಿಸಿ: ಸಂಶೋಧಕರಿಗೆ. ವರದಿಯ ಕೊನೆಯಲ್ಲಿ ಒಂದು ತಮಾಷೆಯೂ ಇದೆ. ಇಪ್ಪತ್ತು ವರ್ಷ ಬಿಟ್ಟು ಈ ಮಗು ಫ್ರಾಯ್ಡ್ ಶಿಷ್ಯರ ಹತ್ತಿರ ಹೋದರೆ, ತುಪ್ಪಳದ ಕೋಟಿನ ಭಯಕ್ಕೆ ಅವರು ಏನೇನು ಅರ್ಥ ಕಟ್ಟುತ್ತಾರೋ ಅಂತ. ಮಗುವನ್ನು ಹೆದರಿಸಿದ್ದಾಯಿತು, ಅದೇ ಕೈಯಲ್ಲಿ ಎದುರಾಳಿ ಪಂಥಕ್ಕೊಂದು ಗುದ್ದು. ಆಗ ನೀತಿ ಸಂಹಿತೆ ಇರಲಿಲ್ಲ ಅನ್ನುತ್ತಾರೆ. ನಿಜ, ಅಮೆರಿಕದ ಮನಃಶಾಸ್ತ್ರ ಸಂಘ ಮೊದಲ ಸಂಹಿತೆ ತಂದದ್ದು 1953ರಲ್ಲಿ. ಅಳುವ ಮಗುವನ್ನು ಸುಮ್ಮನಾಗಿಸಬೇಕು ಅನ್ನೋದಕ್ಕೂ ಸಂಹಿತೆ ಬೇಕಿತ್ತಾ ಅನ್ನೋದು ಬೇರೆ ಪ್ರಶ್ನೆ. ಸಿಲಬಸ್ಸಿನಲ್ಲಿಲ್ಲ.

ಸರಿ, ಸಂಹಿತೆ ಬಂತು. ಕಮಿಟಿಗಳೂ ಬಂದವು. 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಫಿಲಿಪ್ ಝಿಂಬಾರ್ಡೊ ಒಂದು ನಕಲಿ ಜೈಲು ಕಟ್ಟಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಕಾವಲುಗಾರರು, ಕೆಲವರು ಕೈದಿಗಳು. ದಿನಕ್ಕೆ 15 ಡಾಲರ್. ವಿಶ್ವವಿದ್ಯಾಲಯದ ಕಮಿಟಿ ಅನುಮತಿ ಕೊಟ್ಟಿತ್ತು. ಸಂಶೋಧಕ ದೂರ ನಿಂತು ನೋಡಬೇಕು ಅಂತ ಎರಡನೇ ಅಧ್ಯಾಯ ಹೇಳುತ್ತದಲ್ಲ, ಝಿಂಬಾರ್ಡೊ ತಾವೇ ಜೈಲಿನ ಸೂಪರಿಂಟೆಂಡೆಂಟ್ ಆದರು. ಕಾವಲುಗಾರರು ಇನ್ನೂ ಗಟ್ಟಿಯಾಗಿ ನಡೆದುಕೊಳ್ಳಬೇಕು ಅಂತ ಅವರ ತಂಡದವರೇ ಒಬ್ಬನಿಗೆ ಹೇಳುತ್ತಿರುವ ಧ್ವನಿಮುದ್ರಣ ಬಹಳ ವರ್ಷ ಬಿಟ್ಟು ಹೊರಬಂತು. ಅಷ್ಟರೊಳಗೆ ಅಧಿಕಾರ ಸಿಕ್ಕರೆ ಮನುಷ್ಯ ತಂತಾನೇ ಕ್ರೂರಿಯಾಗುತ್ತಾನೆ ಅಂತ ತಲೆಮಾರುಗಳು ಕಲಿತು, ಬರೆದು, ಪಾಸಾಗಿದ್ದವು.

ಎರಡು ವಾರ ನಡೆಯಬೇಕಿದ್ದ ಆಟ ಆರೇ ದಿನಕ್ಕೆ ನಿಂತಿತು. ನಿಲ್ಲಿಸಿದ್ದು ಕಮಿಟಿ ಅಲ್ಲ. ಕ್ರಿಸ್ಟಿನಾ ಮಾಸ್ಲಾಕ್ ಎಂಬ ಯುವತಿ ಬಂದು ನೋಡಿ, ಈ ಹುಡುಗರಿಗೆ ನೀವು ಮಾಡುತ್ತಿರೋದು ಘೋರ ಅಂತ ಜಗಳ ತೆಗೆದರು. ಆಗ ಅವರು ಝಿಂಬಾರ್ಡೊ ಅವರ ಪ್ರೇಯಸಿ, ಆಮೇಲೆ ಮಡದಿ. ಸಹಿ ಹಾಕಿದ್ದು ಒಂದು ಕಮಿಟಿ, ಕೆಲಸ ಮಾಡಿದ್ದು ಒಬ್ಬಳು ಹುಡುಗಿ. ಇದರಿಂದ ಸಂಶೋಧನಾ ನೀತಿಯ ಬಗ್ಗೆ ಒಂದು ಖಚಿತ ಪಾಠ ಹೊರಡುತ್ತದೆ, ಆದರೆ ಅದನ್ನು ನಿಯಮದ ರೂಪದಲ್ಲಿ ಬರೆಯೋದು ಕಷ್ಟ.

ಸ್ಟಾನ್ಲಿ ಮಿಲ್‌ಗ್ರಾಂ ಅವರ ಆಜ್ಞಾಪಾಲನೆಯ ಪ್ರಯೋಗದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆಜ್ಞೆಗೆ ತಲೆಬಾಗಿ ಇನ್ನೊಬ್ಬನಿಗೆ ಕರೆಂಟ್ ಶಾಕ್ ಕೊಡುತ್ತಿದ್ದೇವೆ ಅಂದುಕೊಂಡು 65 ಶೇಕಡಾ ಜನ 450 ವೋಲ್ಟ್ ತನಕ ಹೋದರು ಅನ್ನೋದು ಯಾರಿಗೆ ಗೊತ್ತಿಲ್ಲ? ಅವರೇ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಆಜ್ಞೆ ಕೊಡುವ ಇಬ್ಬರು ಎದುರೆದುರೇ ಬೇರೆಬೇರೆ ಮಾತಾಡಿದಾಗ ಕೊನೆಯ ತನಕ ಹೋದವರು ಸೊನ್ನೆ. ಆ ಸೊನ್ನೆಯನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ.

ಇನ್ನು ಸ್ಯಾಂಪಲ್ ವಿಷಯ. ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಎಲ್ಲ ಬಗೆಯ ಮನುಷ್ಯರನ್ನು ಕೇಳಬೇಕು ಅನ್ನುತ್ತದೆ ಪುಸ್ತಕ. ಕೇಳಿದ್ದು ಯಾರನ್ನು? ಆ ಪುಸ್ತಕವನ್ನೇ ಓದುತ್ತಿರುವ ವಿದ್ಯಾರ್ಥಿಗಳನ್ನು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಈ ಕೋರ್ಸಿಗೆ ಸೇರಿದವರು ಪ್ರಯೋಗಗಳಲ್ಲಿ ಕೂತರೆ ಕ್ರೆಡಿಟ್. ಭಾಗವಹಿಸುವುದು ಸಂಪೂರ್ಣ ಸ್ವಇಚ್ಛೆಯಿಂದ. ಬೇಡ ಅನ್ನುವವರು ಅದರ ಬದಲಿಗೆ ಪ್ರಬಂಧ ಬರೆಯಬಹುದು. ಎಷ್ಟು ಜನ ಪ್ರಬಂಧ ಆರಿಸಿಕೊಳ್ಳುತ್ತಾರೆ ಅಂತ ಊಹಿಸಲು ಯಾವ ಸಂಖ್ಯಾಶಾಸ್ತ್ರವೂ ಬೇಡ.

ಕ್ರೆಡಿಟ್‌ಗಾಗಿ ಬಂದ ಹುಡುಗನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೆಳಗಿನ ಮೊದಲ ಸ್ಲಾಟು. ಕಣ್ಣಲ್ಲಿ ನಿದ್ದೆ. ಎದುರಿಗೆ ಪ್ರಶ್ನಾವಳಿ. ‘ನನ್ನ ಬದುಕಿಗೆ ಅರ್ಥವಿದೆ ಅನ್ನಿಸುತ್ತದೆ.’ 1ರಿಂದ 5ರೊಳಗೆ ಗುರುತು ಹಾಕಬೇಕು. ಅವನು 3 ಹಾಕುತ್ತಾನೆ. ‘ನಾನು ಸಾವಿನ ಬಗ್ಗೆ ಯೋಚಿಸುತ್ತೇನೆ.’ 3. ‘ನನ್ನ ಅಮ್ಮ ನನ್ನನ್ನು ಅರ್ಥ ಮಾಡಿಕೊಂಡಿದ್ದಾರೆ.’ 3. ಪುಟದ ತುದಿಯವರೆಗೆ 3ರ ಕಂಬ ಎದ್ದು ನಿಲ್ಲುತ್ತದೆ. ನಡುವೆ ಒಂದು ಜಾಣ ಪ್ರಶ್ನೆ: ‘ನೀವು ಗಮನವಿಟ್ಟು ಓದುತ್ತಿದ್ದರೆ ಇಲ್ಲಿ 5 ಎಂದು ಗುರುತು ಹಾಕಿ.’ ಅದಕ್ಕೂ 3. ಸಂಜೆ ಹೊತ್ತಿಗೆ ಅವನು ‘ಮನುಷ್ಯ’ ಆಗಿರುತ್ತಾನೆ. ಪ್ರಬಂಧದ ತಲೆಬರಹದಲ್ಲಿ ‘ಮನುಷ್ಯರು ಅರ್ಥವನ್ನು ಅರಸುವ ಬಗೆ’ ಅಂತ ಬಂದರೆ ಅದು ಇವನೇ. 2008ರಲ್ಲಿ ಜೆಫ್ರಿ ಆರ್ನೆಟ್ ಲೆಕ್ಕ ಹಾಕಿ ತೋರಿಸಿದರು: ಈ ಕ್ಷೇತ್ರದ ಪ್ರಮುಖ ಅಮೆರಿಕನ್ ಪತ್ರಿಕೆಗಳಲ್ಲಿ ಅಧ್ಯಯನಕ್ಕೆ ಒಳಗಾದವರು ಹೆಚ್ಚುಕಮ್ಮಿ 96 ಶೇಕಡಾ ಪಾಶ್ಚಾತ್ಯ ಶ್ರೀಮಂತ ದೇಶಗಳವರು. ಪ್ರಪಂಚದ ಜನಸಂಖ್ಯೆಯಲ್ಲಿ ಅವರ ಪಾಲು 12. ಮಿಕ್ಕವರಿಗೂ ಮನಸ್ಸು ಇರಬಹುದು ಅಂತ ನಂಬಲು ಸದ್ಯಕ್ಕೆ ಅಡ್ಡಿಯಿಲ್ಲ.

ಇಷ್ಟಾದ ಮೇಲೆ 0.05ರ ಸನ್ನಿಧಿಗೆ ಬರಬೇಕು. ನಿಜವಾಗಿ ಏನೂ ಪರಿಣಾಮವೇ ಇಲ್ಲದಿದ್ದರೆ ಇಂಥ ಫಲಿತಾಂಶ, ಅಥವಾ ಇದಕ್ಕಿಂತ ದೊಡ್ಡದು, ಬರುವ ಸಾಧ್ಯತೆ ಎಷ್ಟು? ಪಿ-ವ್ಯಾಲ್ಯೂ ಹೇಳೋದು ಇಷ್ಟನ್ನೇ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1925ರಲ್ಲಿ, 20ರಲ್ಲಿ 1, ಅಂದರೆ 0.05, ಅನ್ನೋದು ಅನುಕೂಲದ ಗಡಿ ಅಂತ ಬರೆದರು. ಅನುಕೂಲಕ್ಕೆ ಹಾಕಿದ ಗೆರೆ ಕಾಲಕ್ರಮೇಣ ದೇವರು ಹಾಕಿದ ಗೆರೆಯಾಯಿತು. 0.049 ಬಂದರೆ ಆವಿಷ್ಕಾರ, ಬಡ್ತಿ, ಭಾಷಣ. 0.051 ಬಂದರೆ ಡ್ರಾಯರ್. ಡ್ರಾಯರಿಗೆ ಹಾಕಲು ಮನಸ್ಸಾಗದವರು ‘ಗಡಿಯ ಹತ್ತಿರ ಬಂದಿದೆ’, ‘ಆ ಕಡೆಗೆ ವಾಲುತ್ತಿದೆ’ ಅಂತೆಲ್ಲ ಬರೆಯುತ್ತಾರೆ. 0.049 ಬಂದಾಗ ‘ಈ ಕಡೆಗೆ ಜಾರುತ್ತಿದೆ’ ಅಂತ ಬರೆದವರನ್ನು ನಾನಂತೂ ಕಂಡಿಲ್ಲ.

ಗಡಿ ದಾಟದಿದ್ದರೆ ದಾರಿಗಳಿವೆ. ಇನ್ನೂ ಹತ್ತು ಜನರನ್ನು ಸೇರಿಸಿ ನೋಡಿ. ಅಡ್ಡ ಬಂದ ಇಬ್ಬರನ್ನು ತೆಗೆದು ನೋಡಿ. ಹುಡುಗರು ಬೇರೆ, ಹುಡುಗಿಯರು ಬೇರೆ ಮಾಡಿ ನೋಡಿ. ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮೇಲೆ, ನಾವು ಮೊದಲಿನಿಂದಲೂ ಇದನ್ನೇ ಊಹಿಸಿದ್ದೆವು ಅಂತ ಪೀಠಿಕೆ ಬರೆದರಾಯಿತು. ಬಾಣ ಬಿಟ್ಟು ಆಮೇಲೆ ಅದರ ಸುತ್ತ ಗುರಿ ಬಿಡಿಸಿದರೆ ತಪ್ಪೋದು ಹೇಗೆ?

ಇದು ಎಲ್ಲಿಗೆ ಮುಟ್ಟುತ್ತದೆ ಅಂತ 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು ಮಾಡಿ ತೋರಿಸಿದರು. ವಿದ್ಯಾರ್ಥಿಗಳಿಗೆ ಬೀಟಲ್ಸ್ ತಂಡದ ಒಂದು ಹಾಡು ಕೇಳಿಸಿದರು. ಹುಡುಗರ ತಂದೆಯ ವಯಸ್ಸನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ, ಹಾಡು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಇಳಿದಿತ್ತು. ಚಿಕ್ಕವರಾದಂತೆ ಅನ್ನಿಸಿದ್ದಲ್ಲ, ಹುಟ್ಟಿದ ತಾರೀಖಿನ ಪ್ರಕಾರವೇ ಚಿಕ್ಕವರು! ಪಿ-ವ್ಯಾಲ್ಯೂ 0.040. ಚಾಲ್ತಿಯಲ್ಲಿದ್ದ ಪದ್ಧತಿಯಲ್ಲೇ ಇದೆಲ್ಲ ಸಾಧ್ಯ ಅನ್ನೋದೇ ಅವರ ಅಣಕ.

ಅದೇ ವರ್ಷ ಡ್ಯಾರಿಲ್ ಬೆಮ್ ಅಣಕವಿಲ್ಲದೆ, ಗಂಭೀರವಾಗಿ, ಮನುಷ್ಯರಿಗೆ ಭವಿಷ್ಯ ಗೊತ್ತಾಗುತ್ತದೆ ಅಂತ ತೋರಿಸಿದರು. ಒಂಬತ್ತು ಪ್ರಯೋಗ, ಎಂಟರಲ್ಲಿ ಗಡಿ ದಾಟಿದ ಫಲಿತಾಂಶ, ಕ್ಷೇತ್ರದ ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಕಟಣೆ. ಬೇರೆಯವರು ಅದನ್ನೇ ಮತ್ತೆ ಮಾಡಿದರು. ಏನೂ ಸಿಗಲಿಲ್ಲ. ಆ ವರದಿ ಕಳಿಸಿದಾಗ ಅದೇ ಪತ್ರಿಕೆ, ಮಾಡಿದ್ದನ್ನೇ ಮತ್ತೆ ಮಾಡಿದ ಪ್ರಯೋಗಗಳನ್ನು ನಾವು ಹಾಕುವುದಿಲ್ಲ ಅಂತ ವಾಪಸ್ ಕಳಿಸಿತು. ಮತ್ತೆ ಮಾಡಿ ನೋಡುವುದೇ ವಿಜ್ಞಾನದ ಜೀವ ಅನ್ನೋ ಸಾಲು ಎರಡನೇ ಅಧ್ಯಾಯದಲ್ಲಿದೆ. ಭವಿಷ್ಯ ಕಾಣುವ ಶಕ್ತಿ ನಿಜವಾಗಿಯೂ ಇದ್ದಿದ್ದರೆ ಪಾಪ, ಅವರು ಕಳಿಸುತ್ತಲೇ ಇರಲಿಲ್ಲ.

ಹಾಕಿದ್ದು ಗಾಳ ಅಂದಮೇಲೆ ಮೀನೂ ಬರಲೇಬೇಕು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸಾಲ್ಮನ್ ಮೀನನ್ನು ಮೆದುಳಿನ ಸ್ಕ್ಯಾನರಿನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಈ ವ್ಯಕ್ತಿಗೆ ಏನನ್ನಿಸುತ್ತಿದೆ ಹೇಳು ಅಂತ ಕೇಳಿದರು. ಮೀನಿನ ಮೆದುಳಿನಲ್ಲಿ ಚಟುವಟಿಕೆ ಕಂಡಿತು. ಮೀನು ಸತ್ತಿತ್ತು. ಸಾವಿರಾರು ಹೋಲಿಕೆ ಒಟ್ಟಿಗೆ ಮಾಡುವಾಗ ಮಾಡಬೇಕಾದ ತಿದ್ದುಪಡಿ ಮಾಡಿದರೆ ಆ ಚಟುವಟಿಕೆ ಮಾಯ. ತಿದ್ದುಪಡಿ ಮಾಡದೆ ಪ್ರಕಟವಾದ ಎಷ್ಟೋ ಅಧ್ಯಯನಗಳಲ್ಲಿ ಮಲಗಿದ್ದವರು ಬದುಕಿದ್ದರು, ಅಷ್ಟೇ ವ್ಯತ್ಯಾಸ. 2015ರಲ್ಲಿ ಕೆಲವು ನೂರು ಸಂಶೋಧಕರು ಸೇರಿ 100 ಅಧ್ಯಯನಗಳನ್ನು ಮತ್ತೆ ಮಾಡಿದರು. ಮೂಲದಲ್ಲಿ 97 ಶೇಕಡಾ ಗಡಿ ದಾಟಿದ್ದವು. ಎರಡನೇ ಸಲ 36.

ನೀತಿಯ ಕಡೆ ಏನಾಗುತ್ತಿದೆ? ಅಲ್ಲಿ ಬಹಳ ಬಿಗಿ. ‘ನಿಮಗೆ ನೀಲಿ ಬಣ್ಣ ಇಷ್ಟವೇ’ ಅಂತ ಗೆಳೆಯರನ್ನು ಕೇಳಲು ಹೊರಟ ವಿದ್ಯಾರ್ಥಿನಿ ಫಾರಂ ತುಂಬಬೇಕು. ನೀಲಿಯಿಂದ ಆಗಬಹುದಾದ ಮಾನಸಿಕ ತೊಂದರೆಗಳನ್ನು ಬರೆಯಬೇಕು. ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಹಾಕಬೇಕು. ಅತ್ತ 2012ರ ಜನವರಿಯಲ್ಲಿ ಫೇಸ್‌ಬುಕ್ 6,89,003 ಬಳಕೆದಾರರ ಫೀಡಿನಲ್ಲಿ ಖುಷಿಯ ಅಥವಾ ಬೇಸರದ ಪೋಸ್ಟುಗಳನ್ನು ಕಡಿಮೆ ಮಾಡಿ, ಅವರ ಮನಸ್ಸು ಹೇಗೆ ಬದಲಾಗುತ್ತದೆ ಅಂತ ನೋಡಿತು. ಒಪ್ಪಿಗೆ? ಖಾತೆ ತೆರೆಯುವಾಗ ಷರತ್ತುಗಳಿಗೆ ‘ಒಪ್ಪಿದೆ’ ಅಂತ ಒತ್ತಿದ್ದರಲ್ಲ, ಅದೇ. ಜೊತೆಗಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಕಮಿಟಿ, ಮಾಹಿತಿ ಕಂಪನಿಯವರೇ ಸಂಗ್ರಹಿಸಿದ್ದು, ಇದು ನಮ್ಮ ವ್ಯಾಪ್ತಿಗೆ ಬರೋದಿಲ್ಲ ಅಂದಿತು. ಆ ನೀಲಿ ಬಣ್ಣದ ಹುಡುಗಿಗೂ ಇದನ್ನೇ ಹೇಳಬೇಕು. ಮೊದಲು ಒಂದು ಕಂಪನಿ ಮಾಡಮ್ಮ, ಆಮೇಲೆ ಎಷ್ಟು ಜನರನ್ನು ಬೇಕಾದರೂ ಕೇಳು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪ್ರಾಮಾಣಿಕತೆಯ ಮೇಲಿನ ಅಧ್ಯಯನ. ಫಾರಂನ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಮೊದಲೇ ಹಾಕಿಸಿಕೊಂಡರೆ ಜನ ಸುಳ್ಳು ಹೇಳೋದು ಕಡಿಮೆಯಾಗುತ್ತದೆ ಅಂತ 2012ರಲ್ಲಿ ಪ್ರಕಟವಾಯಿತು. ಕಾರು ವಿಮೆಯ 13,488 ಪಾಲಿಸಿಗಳ ಮಾಹಿತಿಯೂ ಅದರಲ್ಲಿತ್ತು, ಕಾರು ಎಷ್ಟು ಮೈಲಿ ಓಡಿದೆ ಅಂತ. 2020ರಲ್ಲಿ ಅದನ್ನು ಬರೆದವರೇ, ಮತ್ತೆ ಮಾಡಿದಾಗ ಫಲಿತಾಂಶ ಬರಲಿಲ್ಲ ಅಂತ ಹೇಳಿ ಹಳೆಯ ಮಾಹಿತಿಯನ್ನೂ ಎಲ್ಲರೂ ನೋಡುವಂತೆ ಬಹಿರಂಗಪಡಿಸಿದರು. 2021ರಲ್ಲಿ, ಹಾಡು ಕೇಳಿಸಿ ವಯಸ್ಸು ಇಳಿಸಿದ್ದರಲ್ಲ, ಅದೇ ಮೂವರು ಹೆಸರು ಹೇಳಲೊಪ್ಪದ ಕೆಲವರ ಜೊತೆ ಸೇರಿ ಅದನ್ನು ತೆರೆದು ನೋಡಿದರು. ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಹಿಸ್ಟೋಗ್ರಾಮ್ ಬಿಡಿಸಿದ್ದು, ಅಂದರೆ ಯಾವ ಅಂಕಿಯ ಆಸುಪಾಸಿನಲ್ಲಿ ಎಷ್ಟು ಮಂದಿ ಅಂತ ತೋರಿಸುವ ಕಂಬಗಳ ಚಿತ್ರ.

ಜನ ಕಾರು ಓಡಿಸಿದ ದೂರದ ಹಿಸ್ಟೋಗ್ರಾಮ್ ನಡುವೆ ಎಲ್ಲೋ ಗುಡ್ಡದಂತೆ ಏಳಬೇಕು, ಎರಡೂ ಕಡೆ ಇಳಿಯಬೇಕು. ಇದು ಸೊನ್ನೆಯಿಂದ 50,000 ಮೈಲಿಯವರೆಗೆ ಒಂದೇ ಎತ್ತರದಲ್ಲಿ ಮಟ್ಟಸವಾಗಿ ಹೋಗಿ ಅಲ್ಲಿಗೆ ಕಡಿದುಬಿದ್ದಿತ್ತು. 500 ಮೈಲಿ ಓಡಿಸಿದವರೂ ಅಷ್ಟೇ ಮಂದಿ, 40,000 ಓಡಿಸಿದವರೂ ಅಷ್ಟೇ ಮಂದಿ, 50,000 ಆದ ಕೂಡಲೇ ಎಲ್ಲರೂ ಬ್ರೇಕ್ ಹಾಕಿದ್ದರು. ಯಾರೋ ಕೂತು ಸೃಷ್ಟಿಸಿದ ಅಂಕಿಗಳು. ಯಾರು ಅನ್ನೋದನ್ನು ಬಿಡಿ. ಪ್ರಬಂಧವನ್ನು ಪತ್ರಿಕೆ ವಾಪಸ್ ಪಡೆಯಿತು. ಆ ಎಕ್ಸೆಲ್ ಫೈಲಿನಲ್ಲಿ ಇನ್ನೂ ಒಂದು ವಿಶೇಷ ಸಿಕ್ಕಿತ್ತು. ಅರ್ಧದಷ್ಟು ಅಂಕಿಗಳು ಕ್ಯಾಲಿಬ್ರಿ ಫಾಂಟಿನಲ್ಲಿದ್ದವು, ಉಳಿದರ್ಧ ಕೇಂಬ್ರಿಯಾದಲ್ಲಿ. ಹಿಸ್ಟೋಗ್ರಾಮ್ ಹೇಗೂ ಎರಡನೇ ಅಧ್ಯಾಯದಲ್ಲಿದೆ. ಫಾಂಟು ನೋಡೋದನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸಬಹುದು.